ಗಿರಿಯೂ ಕುಟೀರವೂ

ಮನೆಯು ಬಂಡೆಯ ಬಣ್ಣವನ್ನು ತಾಳಿದ ಮಾತ್ರಕ್ಕೆ ಬೆಟ್ಟದೊಡನೆ ಬೆರೆತಂತಾಯಿತೇ? ಕಣ್ಣಿಗೆ ಮರೆಯಾಗುವುದು ಬೇರೆ, ನೆಲಕ್ಕೆ ಹೊರೆಯಾಗದಿರುವುದು ಬೇರೆ. ನಾರ್ವೆ ದೇಶದ ತತ್ತ್ವಜ್ಞರಾದ ಆರ್ನೆ ನೇಸ್ ಅವರು 1937-38ರಲ್ಲಿ ಹಾಲಿಂಗ್‌ಸ್ಕಾರ್ವೆಟ್ ಪರ್ವತದ ಕಡಿದಾದ ಬಂಡೆಗಳ ಬುಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರು ಎತ್ತರದಲ್ಲಿ, ತ್ವೆರ್ಗಾಸ್ಟೈನ್ ಎಂಬ ಮರದ ಕುಟೀರವನ್ನು ಕಟ್ಟಿಸಿದರು. ಅಲ್ಲಿ ಮರವೇ ಬೆಳೆಯದು. ತೊಲೆ ಹಲಗೆಗಳನ್ನೆಲ್ಲ ಕೆಳಗಿನಿಂದ ಕುದುರೆಗಳ ಮೂಲಕ ಸಾಗಿಸಬೇಕಾಯಿತು. ಅಂದಮೇಲೆ ಆ ಕುಟೀರವು ಎಷ್ಟೇ ಅಡಗಿ ನಿಂತರೂ ಪರ್ವತದ ಶಿಶುವಲ್ಲ, ಅತಿಥಿ. ಅತಿಥಿಯಾದವನು ಆತಿಥೇಯನ ಶಕ್ತಿಯನ್ನರಿತು ಕೇಳಬೇಕಷ್ಟೆ. ಸೌದೆಯನ್ನೂ ಹೊತ್ತೇ ತರಬೇಕಾಗಿದ್ದುದರಿಂದ ನೇಸ್ ಅವರು ಕೋಣೆಯನ್ನು ಹೆಚ್ಚು ಕಾಯಿಸದೆ ಚಳಿಗೆ ಮೈಯನ್ನು ಒಗ್ಗಿಸಿಕೊಂಡರು. ನೀರನ್ನೂ ಮಿತವಾಗಿ ಬಳಸಿದರು. ಇದನ್ನು ಮೆಚ್ಚಿ ಬರೆಯುತ್ತಿರುವ ನಾನಾದರೋ, ವಾಚಕಮಹಾಶಯರು ಮನ್ನಿಸಬೇಕು, ಬೇಸಗೆಯಲ್ಲಿಯೂ ಹಂಡೆಯ ಬಿಸಿನೀರಿಲ್ಲದೆ ಸ್ನಾನಕ್ಕೆ ಏಳುವವನಲ್ಲ.