ವೀಣೆಯ ತಂತಿ ಮತ್ತು ನಮ್ಮ ಮಕ್ಕಳ ಆಟ

*ಇಂದಿನ ಧಮ್ಮ ಚಿಂತನೆ*




ಶಾಲಾ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ಸುರಪುರ ಕಡೆಯ ಉಪಾಸಕರೊಬ್ಬರು ನನ್ನನ್ನು ಕೇಳಿದರು: "ಅಣ್ಣಾರ, ನನ್ ಮಗಳು ಖೋ ಖೋ ಛಲೋ ಆಡ್ತಾಳ. ಯಾದಗಿರಿತನ ಹೋಗಿ ಆಡಿ ಬಂದಾಳ. ಇನ್ನ ಊರ ಶಾಲ್ಯಾಗ ಬಿಡ್ಲೋ, ಕ್ರೀಡಾ ಹಾಸ್ಟೆಲಿಗೆ ಕಳಸ್ಲೋ?"

ಇದಕ್ಕೆ ಉತ್ತರ ಅಷ್ಟಾಂಗ ಮಾರ್ಗದಲ್ಲೇ ಇದೆ: ಸಮ್ಯಕ್ ವ್ಯಾಯಾಮ, ಅಂದರೆ ಸರಿಯಾದ ಪ್ರಯತ್ನ.

ಚಂಪಾ ನಗರದ ಶ್ರೀಮಂತ ಮನೆಯ ಸೋಣ ಭಿಕ್ಷುವಾದ. ಹಗಲು ರಾತ್ರಿ ನಡೆದು ಧ್ಯಾನ ಮಾಡಿ ಅವನ ಮೆತ್ತನೆಯ ಅಂಗಾಲು ಒಡೆದು ರಕ್ತ ಬಂತು. ಇಷ್ಟಾದರೂ ಫಲ ಕಾಣದೆ, ಮನೆಗೆ ಮರಳಲೇ ಎಂದು ಯೋಚಿಸಿದ. ಸೋಣ ಮೊದಲು ವೀಣೆ ನುಡಿಸುತ್ತಿದ್ದವನು. ಭಗವಾನ್ ಬುದ್ಧರು ಬಂದು ಅದನ್ನೇ ಹಿಡಿದು ಕೇಳಿದರು: ತಂತಿ ಅತಿ ಬಿಗಿಯಾದರೆ ನಾದ ಬರುತ್ತದೆಯೇ? ಇಲ್ಲ. ಅತಿ ಸಡಿಲವಾದರೆ? ಆಗಲೂ ಇಲ್ಲ. ಹದವಾಗಿದ್ದರೆ? ಬರುತ್ತದೆ. ಸೋಣ ಆ ಹದವನ್ನೇ ಸಾಧನೆಗೆ ತಂದು ಅರಹಂತನಾದ.

ನಮ್ಮ ಮನೆಗಳಲ್ಲಿ ತಂತಿ ಎರಡು ರೀತಿಯಲ್ಲಿ ಕೆಡುತ್ತದೆ.

*ಬಿಗಿ:* "ನಾನಂತೂ ಆಡ್ಲಿಲ್ಲ, ನೀನರ ಗೆಲ್ಲಬೇಕು. ಸಮಾಜದ ಹೆಸರು ತರಬೇಕು." ಹನ್ನೆರಡು ವರ್ಷದ ಮಗುವಿನ ಬೆನ್ನ ಮೇಲೆ ಇಡೀ ಕೇರಿಯ ಭಾರ ಹೊರಿಸುತ್ತೇವೆ. ಅಪ್ಪನ ತೃಷ್ಣೆಗೆ ಮಗಳ ಕಾಲು ಓಡುತ್ತದೆ. ಸೋತ ದಿನ ಆ ಮಗು ಮನೆಗೆ ಬರಲು ಹೆದರುತ್ತದೆ.

*ಸಡಿಲ:* "ನಮಗ್ಯಾಕ ಬೇಕ್ರೀ ಅಷ್ಟ ದೊಡ್ಡದು?" ಇದು ವಿನಯದ ಮಾತಿನಂತೆ ಕೇಳುತ್ತದೆ. ಆದರೆ ಇದು ತಲೆತಲಾಂತರದಿಂದ ನಮ್ಮೊಳಗೆ ಕೂರಿಸಿದ ಭಯ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಈ ಭಯವನ್ನು ಬಿಡಿಸಲೆಂದೇ ನಮಗೆ ಧಮ್ಮ ಕೊಟ್ಟರು.

ನಮ್ಮದೇ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅವರನ್ನು ನೆನೆಯಿರಿ. ಚಮ್ಮಾರ ಕುಲದ ಈ ಬೌಲರ್ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಪುಣೆಯಲ್ಲಿ ತಂಡದವರು ಅವರ ಚೆಂಡನ್ನು ಮುಟ್ಟುತ್ತಿದ್ದರು, ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಕಪ್ಪಿನಲ್ಲಿ. ಹಿಂದೂ ತಂಡದ ನಾಯಕತ್ವವನ್ನು ಅವರಿಗೆ ಕೊಡಲೇ ಇಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ಸಿಕ್ಕಿತು. ಮುಂದೆ 1937ರ ಚುನಾವಣೆಯಲ್ಲಿ ಬಾಳೂ ಬಾಬಾಸಾಹೇಬರಿಗೆ ಎದುರಾಗಿ ನಿಂತು ಸೋತರು. ಆದರೆ ಯುವಕ ಭೀಮರಾವ್ ಅವರ ಆಟವನ್ನು ಮೆಚ್ಚಿ ಗೌರವಿಸಿದ್ದರು.

ಇದರಿಂದ ಒಂದು ವಿವೇಕ ಕಲಿಯೋಣ. ಮಗು ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದರೆ ಕಾರಣ ನೋಡಬೇಕು. ಆಟ ಇನ್ನೂ ಮಾಗಿಲ್ಲವೆಂದರೆ ತಾಳ್ಮೆ ಬೇಕು. ಹುಟ್ಟು ನೋಡಿ ನಿಲ್ಲಿಸಿದ್ದಾರೆ ಎಂದರೆ ಅಲ್ಲಿ ತಾಳ್ಮೆ ಧಮ್ಮವಾಗದು. ಶಾಂತವಾಗಿ, ನಾಲ್ಕು ಜನ ಕೂಡಿ, ಬರಹದಲ್ಲಿ ಕೇಳಬೇಕು.

ಹದ ತಿಳಿಯಲು ನಾಲ್ಕು ಪ್ರಶ್ನೆ:

1. ಆ ತಂಡದಲ್ಲಿ ಮಗುವಿಗೆ ಆಡಲು ಸಿಗುತ್ತದೆಯೇ, ಬರೀ ಕೂರುವುದೇ? ದೊಡ್ಡ ತಂಡದಲ್ಲಿ ಕೂತು ನೋಡುವುದಕ್ಕಿಂತ ಸಣ್ಣ ತಂಡದಲ್ಲಿ ಓಡಿ ಕಲಿಯುವುದು ಮೇಲು.
2. ಗೆಲುವು, ಸೋಲು ಎರಡೂ ಬರುತ್ತಿವೆಯೇ? ಸದಾ ಗೆದ್ದರೆ ಮೆಟ್ಟಿಲು ಹತ್ತಿಸಿ. ಸದಾ ಸೋತು ಅಳುತ್ತಿದ್ದರೆ ಒಂದು ಮೆಟ್ಟಿಲು ಇಳಿಸಿ, ಅದರಲ್ಲಿ ಅವಮಾನವಿಲ್ಲ.
3. ಊಟ, ನಿದ್ದೆ, ಓದು ಸರಿ ಇದೆಯೇ? ಹಾಸ್ಟೆಲಾದರೆ ನೀವೇ ಹೋಗಿ ಅಡುಗೆಮನೆ, ಶೌಚಾಲಯ ನೋಡಿ. ಹೆಣ್ಣುಮಕ್ಕಳ ಜೊತೆ ರಾತ್ರಿ ಯಾರಿರುತ್ತಾರೆ ಎಂದು ಕೇಳಿ.
4. ಆಸೆ ಯಾರದು? ಯಾರೂ ನೋಡದಾಗಲೂ ಮಗು ತಾನಾಗಿ ಆಡುತ್ತಿದ್ದರೆ ಆಸೆ ಅದರದ್ದು.

ಸಾಲ ಮಾಡಿ ಅಕಾಡೆಮಿಗೆ ಸುರಿಯಬೇಡಿ. ಮಗುವಿಗೆ ಆ ಸಾಲವೂ ಒಂದು ಭಾರ.

ಲಾಭ-ನಷ್ಟ, ಯಶಸ್ಸು-ಅಪಯಶಸ್ಸು, ನಿಂದೆ-ಸ್ತುತಿ, ಸುಖ-ದುಃಖ ಎಂಬ ಎಂಟು ಲೋಕಧರ್ಮಗಳನ್ನು ಬುದ್ಧರು ಹೇಳಿದರು. ಒಂದೇ ಆಟದಲ್ಲಿ ಈ ಎಂಟೂ ಬಂದು ಹೋಗುತ್ತವೆ. ಅವುಗಳ ನಡುವೆ ಅಲುಗಾಡದೆ ನಿಲ್ಲುವುದನ್ನು ಮಗು ಬಯಲಲ್ಲೇ ಕಲಿಯಬಹುದು, ತಂದೆತಾಯಿ ಗೆರೆಯಾಚೆ ನಿಂತು ಕಲಿಯಬೇಕು.

*ಇಂದಿನ ಸಂಕಲ್ಪ:* ಮಗು ಆಡಿ ಬಂದಾಗ "ಗೆದ್ದೇನು?" ಎನ್ನುವ ಮೊದಲು "ಹೆಂಗ ಆಡ್ದಿ, ಖುಷಿ ಆತೇನು?" ಎಂದು ಕೇಳುತ್ತೇನೆ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.