ಇಡದೆ ಬಿಟ್ಟ ಹೆಸರುಗಳು

ಮಗು ಹುಟ್ಟಿದ ಮನೆಯಲ್ಲಿ ಕೆಲವು ದಿನ ಎರಡು ಮೂರು ಹೆಸರುಗಳು ಒಟ್ಟಿಗೇ ಓಡಾಡುತ್ತಿರುತ್ತವೆ. ಅಜ್ಜಿ ಹೇಳಿದ್ದೊಂದು, ಅತ್ತೆ ಆರಿಸಿದ್ದೊಂದು, ತಂದೆ ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡದ್ದೊಂದು. ಕೊನೆಗೆ ಒಂದು ನಿಲ್ಲುತ್ತದೆ. ಉಳಿದವುಗಳನ್ನು ಯಾರೂ ಬರೆದಿಡುವುದಿಲ್ಲ. ನಮಗೆ ಸಿಕ್ಕ ಹೆಸರಿನ ಬಗ್ಗೆ ನಾವು ಆಗಾಗ ಯೋಚಿಸುತ್ತೇವೆ, ಸಿಗಬೇಕಾಗಿದ್ದು ತಪ್ಪಿಹೋದ ಹೆಸರಿನ ಬಗ್ಗೆ ಯೋಚಿಸುವುದು ಕಡಿಮೆ. ಆದರೆ ಹೆತ್ತವರ ಮನಸ್ಸು ತಿಳಿಯುವುದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಈ ಸೀಮೆಯ ಹಳೆಯ ತಲೆಮಾರಿನ ಹೆಸರುಗಳನ್ನು ಕೇಳಿದರೆ ಅವುಗಳ ಹಿಂದೆ ಒಂದೊಂದು ಬೆಟ್ಟ, ಗುಡಿ, ದರ್ಗಾ ಕಾಣಿಸುತ್ತದೆ. ಜುಂಜಪ್ಪ ಎಂದರೆ ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿ ನೆನಪಾಗುತ್ತದೆ. ಮಾರಕ್ಕ ಎಂದರೆ ಮಧುಗಿರಿಯ ದಂಡಿನ ಮಾರಮ್ಮ, ಸಿದ್ದಪ್ಪ ಎಂದರೆ ಕೊರಟಗೆರೆಯ ಸಿದ್ಧರಬೆಟ್ಟ. ತಿಪ್ಪೇಸ್ವಾಮಿಯು ಪಕ್ಕದ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಿಂದ ಬಂದ ಹೆಸರು. ಪಾವಗಡದಿಂದ ಗಡಿ ದಾಟಿದರೆ ಆಂಧ್ರದ ಪೆನುಕೊಂಡ. ಅಲ್ಲಿನ ಬಾಬಾ ಫಕ್ರುದ್ದೀನರ ದರ್ಗಾಕ್ಕೆ ಹರಕೆ ಹೊತ್ತ ಮುಸ್ಲಿಮ್ ದಂಪತಿ ಮಗನಿಗೆ ಫಕ್ರುದ್ದೀನ್ ಎಂದು ಹೆಸರಿಟ್ಟರೆ, ಅದೇ ಹರಕೆ ಹೊತ್ತ ಹಿಂದೂ ದಂಪತಿ ಬಾಬಯ್ಯ ಎಂದಿಡುತ್ತಿದ್ದರು. ಹರಕೆ ಒಂದೇ, ಹೆಸರು ಎರಡು.

ಈ ಬಗೆಯ ಹೆಸರುಗಳಲ್ಲಿ ತುಂಬಾ ದೂರ ಹೋದದ್ದು ಟಿಪ್ಪುವಿನದು. ಹೈದರ್ ಅಲಿಯ ತಂದೆ ಫತ್ ಮುಹಮ್ಮದ್ ಶಿರಾದ ಮೊಗಲ್ ಸುಬೇದಾರರ ಕೈಕೆಳಗೆ ಸೇವೆಯಲ್ಲಿದ್ದವರು. ದೇವನಹಳ್ಳಿಯಲ್ಲಿ ಮೊಮ್ಮಗ ಹುಟ್ಟಿದಾಗ ಆ ತಾತನ ನೆನಪಿಗೆ ಫತೇ ಅಲಿ ಎಂಬ ಹೆಸರೂ ಸಂದಿತು, ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾರ ಹೆಸರೂ ಸಂದಿತು. ಉಳಿದದ್ದು ಎರಡನೆಯದು. ಕುಲದ ಹೆಸರನ್ನು ಹಿಂದೆ ಹಾಕಿ ಹರಕೆಯ ಹೆಸರು ಮುಂದೆ ಬಂತು. ಕರ್ನಾಟಕ ಸರಕಾರ 2015ರಲ್ಲಿ ಟಿಪ್ಪು ಜಯಂತಿಯನ್ನು ಆಚರಿಸಿ 2019ರಲ್ಲಿ ಕೈಬಿಟ್ಟ ಅವಧಿಯಲ್ಲಿ ಆ ಹೆಸರಿನ ಸುತ್ತ ಎದ್ದ ಗದ್ದಲದಲ್ಲಿ, ಅದು ಮೊದಲು ಒಬ್ಬ ತಾಯಿಯ ಬೇಡಿಕೆಗೆ ಸಿಕ್ಕ ಉತ್ತರವಾಗಿತ್ತೆಂಬ ಮಾತು ಯಾರಿಗೂ ಬೇಕಾಗಿರಲಿಲ್ಲ.

ಕೃತಜ್ಞತೆಯಿಂದ ಇಟ್ಟ ಹೆಸರುಗಳ ಮಾತು ಇದಾಯಿತು. ಭಯದಿಂದ ಇಟ್ಟವೂ ಇವೆ. ಹುಟ್ಟಿದ ಕೂಸುಗಳು ಒಂದರ ಹಿಂದೆ ಒಂದು ತೀರಿಕೊಂಡ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದೋ, ಕಲ್ಲ, ಗುಂಡ ಎಂದೋ ಕರೆಯುತ್ತಿದ್ದರು. ಚೆಂದದ ಹೆಸರಿದ್ದರೆ ಸಾವಿನ ಕಣ್ಣು ಬೀಳುತ್ತದೆ, ಕಸದ ಹೆಸರಿದ್ದರೆ ಅದು ದಾಟಿಹೋಗುತ್ತದೆ ಎಂಬ ನಂಬಿಕೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ತಾಯಿಯ ಮನಸ್ಸಿನಲ್ಲಿ ಬೇರೊಂದು ಹೆಸರು ಇದ್ದೇ ಇತ್ತು. ಮಗು ಬದುಕಲಿ ಎಂದು ಅವಳು ಅದನ್ನು ಬಿಟ್ಟುಕೊಟ್ಟಳು.

ಸಾಕಮ್ಮ ಎಂಬ ಹೆಸರಿನ ವಿಷಯದಲ್ಲಿ ನಾವು ಅಷ್ಟು ಉದಾರವಾಗಲಾರೆವು. ಸಾಕಿ ಸಲಹುವ ಅರ್ಥವೂ ಅದಕ್ಕೆ ಇರಬಹುದು. ಆದರೆ ಮೂರನೆಯದೋ ನಾಲ್ಕನೆಯದೋ ಹೆಣ್ಣಾದಾಗ ಇಡುವ ಸಾಕಮ್ಮ, ಸಾಕವ್ವ ಎಂಬ ಹೆಸರು ಹೆತ್ತವರ ನಿರಾಶೆಯನ್ನು ಮಗುವಿನ ಬೆನ್ನಿಗೆ ಕಟ್ಟುತ್ತದೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂಥ ಹುಡುಗಿಯರಿಗೆ ನಕುಶಾ, ಅಂದರೆ ಬೇಡವಾದವಳು, ಎಂದೇ ಹೆಸರಿತ್ತು. 2011ರಲ್ಲಿ ಅಲ್ಲಿನ ಆಡಳಿತ 280ಕ್ಕೂ ಹೆಚ್ಚು ಹುಡುಗಿಯರನ್ನು ಒಂದೆಡೆ ಸೇರಿಸಿ ಹೊಸ ಹೆಸರುಗಳನ್ನು ಕೊಟ್ಟಿತು. ದಲಿತರ ಕೇರಿಗಳಲ್ಲಿ ಇದೇ ಕೆಲಸವನ್ನು ಯಾವ ಆಡಳಿತವೂ ಮಾಡಿಕೊಡಲಿಲ್ಲ, ಜನರೇ ಮಾಡಿಕೊಂಡರು. ಅಪ್ಪನ ಹೆಸರು ಮಾರಪ್ಪ ಎಂದಿದ್ದರೂ ಊರಿನವರ ಬಾಯಲ್ಲಿ ಅದು ಮಾರ ಮಾತ್ರ. ಅವನ ಮಗ ಗೌತಮನೋ ಭೀಮರಾವನೋ ಆದಾಗ, ತುಂಡು ಮಾಡಿ ಕರೆಯಲಾಗದ ಹೆಸರೊಂದು ಆ ಮನೆಗೆ ಬಂತು.

ಇಸ್ಲಾಮೀ ಪರಂಪರೆಯಲ್ಲಿ ತಪ್ಪಿಹೋದ ಹೆಸರಿನ ಒಂದು ಪ್ರಸಿದ್ಧ ಪ್ರಸಂಗವಿದೆ. ಹ. ಅಲಿ(ರ)ಯವರು ತಮ್ಮ ಮೊದಲ ಮಗನಿಗೆ ಹರ್ಬ್ ಎಂದು ಹೆಸರಿಟ್ಟರೆಂದು ವರದಿಯಾಗಿದೆ. ಹರ್ಬ್ ಎಂದರೆ ಯುದ್ಧ. ಪ್ರವಾದಿ(ಸ) ಬಂದು ಹೆಸರನ್ನು ವಿಚಾರಿಸಿದರು, ಬೇಡವೆಂದು ಹಸನ್ ಎಂದು ಬದಲಿಸಿದರು. ಎರಡನೆಯ ಮಗನಿಗೂ ಅದೇ ಹರ್ಬ್, ಮತ್ತೆ ಅದೇ ತಿದ್ದುಪಡಿ. ಆತ ಹುಸೈನ್ ಆದರು. ಇನ್ನೊಂದು ವರದಿಯಲ್ಲಿ ಹಝ್ನ್ ಎಂಬ ವ್ಯಕ್ತಿಗೆ ಪ್ರವಾದಿ(ಸ) ಸಹ್ಲ್ ಎಂಬ ಹೆಸರನ್ನು ಸೂಚಿಸಿದರು. ಮೊದಲನೆಯದರ ಅರ್ಥ ಒರಟು ನೆಲ, ಎರಡನೆಯದರದ್ದು ಸಮತಟ್ಟಾದ ನೆಲ. ತಂದೆ ಇಟ್ಟ ಹೆಸರನ್ನು ಬಿಡಲು ಆತ ಒಪ್ಪಲಿಲ್ಲ. ಆ ಒರಟುತನ ತಮ್ಮ ಮನೆತನದಲ್ಲಿ ಉಳಿದೇಬಿಟ್ಟಿತೆಂದು ಮೊಮ್ಮಗ ಹೇಳುತ್ತಿದ್ದರಂತೆ. ಗಮನಿಸಿ, ಇಲ್ಲಿ ಒತ್ತಾಯವಿಲ್ಲ. ಹೆಸರು ಬೇಡವೆನ್ನುವ ಹಕ್ಕು ಆತನಿಗಿತ್ತು.

ಇಂದು ನಮ್ಮ ಮನೆಗಳಿಂದ ಬುಡೇನ್, ಮಸ್ತಾನ್, ಪ್ಯಾರಿಜಾನ್, ಚಾಂದ್ ಪಾಷಾ ಮರೆಯಾಗುತ್ತಿದ್ದಾರೆ. ಒಂದು ಕಾರಣ, ಅರಬಿಯಲ್ಲಿ ಅದರ ಅರ್ಥವೇನು ಎಂಬ ಪ್ರಶ್ನೆ. ಒಳ್ಳೆಯ ಅರ್ಥ ಹುಡುಕುವುದು ಸರಿಯೇ. ಆದರೆ ದಖನಿ ಮಾತಾಡುವ ಅಜ್ಜಿಯ ಮುದ್ದಿಗೂ ಒಂದು ಅರ್ಥವಿದೆ ಎಂಬುದನ್ನು ಮರೆಯುವಷ್ಟು ಹುಡುಕಬೇಕಿಲ್ಲ. ಇನ್ನೊಂದು ಕಾರಣವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳುವಾಗ, ಕೆಲಸದ ಅರ್ಜಿ ಹಾಕುವಾಗ ತಟ್ಟನೆ ಗುರುತು ಸಿಗದಂಥ ಹೆಸರು ಬೇಕು. ಅಯಾನ್, ಜೋಯಾ, ಸಮೀರ್, ಅಮನ್. ಇವು ಚೆಂದದ ಹೆಸರುಗಳೇ, ಇಷ್ಟಪಟ್ಟು ಇಟ್ಟವರೂ ಬಹಳ ಮಂದಿ. ಆದರೆ ಹೆದರಿ ಇಟ್ಟವರೂ ಇದ್ದಾರೆ. ಅವರನ್ನು ಹೇಡಿಗಳೆನ್ನಲು ನಮಗೆ ಮನಸ್ಸಾಗುವುದಿಲ್ಲ. ತಿಪ್ಪೆಯ ಮೇಲೆ ಮಗುವನ್ನು ಉರುಳಿಸಿದ ತಾಯಿ ಮಾಡಿದ್ದೂ ಇದನ್ನೇ. ಅವಳು ಮರೆಮಾಡಿದ್ದು ಸಾವಿನ ಕಣ್ಣಿನಿಂದ, ಇವರು ಮರೆಮಾಡುತ್ತಿರುವುದು ನೆರೆಯವರ ಕಣ್ಣಿನಿಂದ. ಅಂದು ಸಾವಿಗೆ ಲಸಿಕೆ, ಆಸ್ಪತ್ರೆಗಳು ತಡೆಯಾಗಿ ಬಂದವು, ತಿಪ್ಪ ಎಂಬ ಹೆಸರಿನ ಅಗತ್ಯ ತೀರಿತು. ಈ ಎರಡನೆಯ ಭಯ ತೀರಬೇಕಾದರೆ ಬದಲಾಗಬೇಕಾದವರು ಹೆಸರಿಡುವವರಲ್ಲ, ಹೆಸರು ಕೇಳಿ ಬಾಗಿಲು ಮುಚ್ಚುವವರು.

ಕಾನೂನಿಗೆ ಇದಾವುದೂ ಗೊತ್ತಿಲ್ಲ. ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿಯಾಗಬೇಕು. ಹೆಸರನ್ನು ಮಾತ್ರ ಆಮೇಲೆ ಸೇರಿಸಬಹುದು, ಮೊದಲ 12 ತಿಂಗಳು ಶುಲ್ಕವಿಲ್ಲದೆ. ಹಿಂದೆ ಶಾಲೆಗೆ ಸೇರಿಸುವ ದಿನ ಮೇಷ್ಟ್ರ ಲೇಖನಿಗೆ ಬಂದದ್ದೇ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದದ್ದೇ ಕೊನೆಯದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಶಾಲೆಗೂ ಪಾಸ್‌ಪೋರ್ಟಿಗೂ ಆಧಾರ. ಹಾಗಾಗಿ ಈಗ ಹೆಸರು ಬೇಗ ಗಟ್ಟಿಯಾಗುತ್ತದೆ, ಮನೆಯೊಳಗಿನ ಜಗಳಕ್ಕೆ ಸಮಯ ಕಡಿಮೆ.

ಆದರೂ ಬಿಟ್ಟ ಹೆಸರುಗಳು ಪೂರ್ತಿ ಹೋಗುವುದಿಲ್ಲ. ಮಧುಗಿರಿಯ ಹೆಸರು 1927ರವರೆಗೆ ಮದ್ದಗಿರಿ, ಆಮೇಲೂ ಬಹಳ ಕಾಲ ಹಳಬರಿಗೆ ಅದು ಮದ್ದಗಿರಿಯೇ. ಮಕ್ಕಳ ವಿಷಯದಲ್ಲೂ ಹೀಗೇ. ಪ್ರಮಾಣಪತ್ರದಲ್ಲಿ ಅಯಾನ್ ಎಂದಿರುವ ಹುಡುಗನನ್ನು ಅವನ ದಾದಿ ಬಾಬು ಎನ್ನುತ್ತಾಳೆ. ಎಲ್ಲರೂ ಅದನ್ನು ಬರಿಯ ಮುದ್ದಿನ ಹೆಸರೆಂದು ತಿಳಿದಿರುತ್ತಾರೆ. ಪೆನುಕೊಂಡಕ್ಕೆ ಹರಕೆ ಹೊತ್ತವಳು ಅವಳು.