ಬದುವಿನಾಚೆಗೆ ಹೋದ ಬೇರು

ನಂಜನಗೂಡು, ತಿ. ನರಸೀಪುರದ ಕಡೆ ಎರಡೆಕರೆ ಜಮೀನಿದ್ದು ಬೆಂಗಳೂರಲ್ಲಿ ಕೆಲಸ ಮಾಡ್ತಿರೋರಿಗೆ ಈಗ ಸಿಗೋ ಸಲಹೆ ಒಂದೇ: ‘ಬದುವಿನ ಸುತ್ತ ಹೆಬ್ಬೇವೋ ಸಿಲ್ವರ್ ಓಕೋ ಹಾಕಿಬಿಡಿ, ಆಳಿನ ತಾಪತ್ರಯ ಇಲ್ಲ.’ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ಎಲ್ಲ ಜಾತಿಗಲ್ಲದಿದ್ದರೂ, ಉಳಿದ ಸಸಿಗಳಿಗೆ ಸರ್ಕಾರದಿಂದ ದುಡ್ಡೂ ಬರುತ್ತೆ. ಮರ ಬೆಳೆಸೋದು ಒಳ್ಳೆಯದೇ. ಪ್ರಶ್ನೆ ಇರೋದು ನೆಲದ ಕೆಳಗೆ.

ಸರ್ವೆ ಕಲ್ಲಿನ ಲೆಕ್ಕ ಬೇರಿಗೆ ಗೊತ್ತಿಲ್ಲ. ಮರದ ಕೆಲವು ಬೇರುಗಳು ಆಳಕ್ಕೆ ಇಳಿದರೂ, ನೀರು-ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡುತ್ತವೆ. ಬಾಳೆಯ ಬೇರೂ ಅಲ್ಲೇ, ರಾಗಿಯದೂ ಬಹುಪಾಲು ಅಲ್ಲೇ. ಕಬಿನಿ ನಾಲೆಯ ನೀರು ಸಿಗೋ ಕಡೆ ಈ ಪೈಪೋಟಿ ಅಷ್ಟಾಗಿ ಕಾಣದೇ ಹೋಗಬಹುದು. ಮಳೆ ನಂಬಿದ ಹೊಲದಲ್ಲಿ ಬದುವಿನ ಪಕ್ಕದ ಸಾಲುಗಳು ಸೊರಗುತ್ತವೆ. ಮರದ ದುಡ್ಡು ನಿಮಗೆ, ಸೊರಗಿದ ಸಾಲು ಪಕ್ಕದವರಿಗೆ.

ಹಾಗಂತ ಬೇರು ಬರೀ ಕಿತ್ತುಕೊಳ್ಳುತ್ತೆ ಅನ್ನೋದೂ ತಪ್ಪು. ಎಲೆಯ ರಂಧ್ರಗಳು ಮುಚ್ಚಿರುವ ರಾತ್ರಿಯಲ್ಲಿ ಕೆಲವು ಮರಗಳ ಬೇರು ಆಳದ ತೇವವನ್ನು ಮೇಲಿನ ಒಣಮಣ್ಣಿಗೆ ಬಿಡುತ್ತೆ. ಅಮೆರಿಕದ ಮೇಪಲ್ ಮರಗಳು ಹೀಗೆ ಎತ್ತಿದ ನೀರನ್ನು ಸುತ್ತಲಿನ ಸಣ್ಣ ಗಿಡಗಳು ಬಳಸುತ್ತವೆ ಅಂತ 1993ರ ಅಧ್ಯಯನವೊಂದು ತೋರಿಸಿತು. ಉದುರಿದ ಎಲೆ ಪಕ್ಕದ ಹೊಲಕ್ಕೂ ಗೊಬ್ಬರವೇ.

ಹಾಗಾದರೆ ಕೊಟ್ಟಿದ್ದು, ತಗೊಂಡಿದ್ದು ಸರಿಹೋಯ್ತಾ? ಇಲ್ಲ ಅನ್ನಿಸುತ್ತೆ. ಪಕ್ಕದವರ ನಷ್ಟ ಈ ವರ್ಷದ್ದು, ಮನೆಯ ಊಟದ್ದು. ನಿಮ್ಮ ಲಾಭ ಎಷ್ಟೋ ವರ್ಷ ಕಾದು ಬರೋದು, ಕಾಯೋಕೆ ನಿಮಗೆ ಸಂಬಳವಿದೆ. ಮೇಲಾಗಿ, ಕೇಳದೇ ಮಾಡಿದ ಉಪಕಾರವನ್ನು ಕೇಳದೇ ಮಾಡಿದ ನಷ್ಟಕ್ಕೆ ವಜಾ ಹಾಕೋ ಅಧಿಕಾರ ಒಬ್ಬರ ಕೈಯಲ್ಲೇ ಇರಬಾರದು.

ಕಾನೂನು ಇಲ್ಲಿ ಅಷ್ಟು ದೂರ ಬರಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿತು. ಯಾವ ಮರ ಬೇಡ ಅಂತ ಅದು ಹೇಳಿತು. ಪಕ್ಕದವರನ್ನು ಕೇಳಿ ಅಂತ ಹೇಳಲಿಲ್ಲ.

ಪಕ್ಕದವರು ಬೇಡ ಅಂದರೆ ಮರವನ್ನೇ ಬಿಡಬೇಕು ಅಂತಲ್ಲ. ಬದುವಿನಿಂದ ಒಳಗೆ ಜಾಗ ಬಿಟ್ಟು ನೆಡಬಹುದು. ನಡುವೆ ಎರಡು ಮೂರಡಿ ಆಳದ ಟ್ರೆಂಚ್ ತೆಗೆಸಬಹುದು. ಬೇರು ಮತ್ತೆ ದಾಟುತ್ತೆ, ಆಗಾಗ ತೆಗೆಸುತ್ತಲೇ ಇರಬೇಕು. ಕೊಂಬೆ ಸವರಿದರೆ ಎಲೆ ಕಮ್ಮಿ, ಮರ ಕುಡಿಯೋ ನೀರೂ ಕಮ್ಮಿ. ಈ ಖರ್ಚೆಲ್ಲ ಮರದ ಯಜಮಾನರದ್ದೇ ಆಗಬೇಕು. ಸಸಿಯ ಲೆಕ್ಕ ಹಾಕುವ ಎಕ್ಸೆಲ್ ಶೀಟಿನಲ್ಲಿ ಅದಕ್ಕೂ ಒಂದು ಸಾಲು ಸೇರಿಸಿ. ಜೆಸಿಬಿ ಕರೆಸೋ ಮುಂಚೆ ಪಕ್ಕದ ಹೊಲದವರನ್ನು ಒಂದು ಮಾತು ಕೇಳಿ.